ಹುಣಸೆಮರದವರ ಹೊಸ ವಿಳಾಸ

ದಾವಣಗೆರೆಯ ಒಂದು ಬಡಾವಣೆ. ಅಲ್ಲಿ ಸ್ಮಶಾನದ ಪಕ್ಕದ ಪಾರ್ಕಿನಲ್ಲಿ ಹಳೇ ಹುಣಸೆಮರ. ಕೊಂಬೆ ತುಂಬ ಬಾವಲಿಗಳು, ಪೊಟರೆ ಒಂದು ಗೂಬೆಯ ಮನೆ. ರೆಕ್ಕೆಗೆ ಪೆಟ್ಟಾಗಿದ್ದ ಆ ಗೂಬೆಯನ್ನು ಪಾರ್ಕಿನ ಮಾಲಿ ಓಬಕ್ಕ ಮತ್ತವಳ ಪಕ್ಷಿ ಕಾಯುವ ಬಳಗದವರು ರುಬೀನಾ ಟೀಚರ ಮನೆಯಲ್ಲಿಟ್ಟು ಆರೈಕೆ ಮಾಡಿದ್ದರು. ಆ ಮಧ್ಯಾಹ್ನ ಟೀಚರು ಅದನ್ನು ಪೊಟರೆಗೆ ಬಿಡುವುದೆಂದು ಮಾತಾಗಿತ್ತು.

ಸಂಜೆ ಬಡಾವಣೆ ಸಂಘದ ಅಧ್ಯಕ್ಷ ಮರುಳಸಿದ್ದಪ್ಪನವರು ಮರದ ಕೆಳಗಿದ್ದ ಓಬಕ್ಕನ ಬಳಿ ಬಂದರು. ಮೀಸೆ ದೊಡ್ಡದು, ಎದೆ ಅಷ್ಟಕ್ಕಷ್ಟೆ.

"ಅಪಶಕುನದ ಮರ ಇದು! ನಾಳೆನೇ ಕಡಿಸು. ಇಲ್ಲಾಂದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ."

"ಆಗ್ಲಿ ಸಾಹೇಬ್ರೆ," ಎಂದಳು ಓಬಕ್ಕ. "ಪದ್ಧತಿ ಗೊತ್ತಲ್ಲ? ಕಡಿಸೋರು ಮೊದ್ಲು ಕೈ ಮುಗಿದು, ಮರದಾಗಿರೋರನ್ನ ಬೇರೆ ಕಡೆ ಹೋಗ್ರಿ ಅಂತ ಬೇಡ್ಕೋಬೇಕು."

ಅಧ್ಯಕ್ಷರು ಒಲ್ಲದ ಮನಸ್ಸಿನಿಂದ ಕೈ ಮುಗಿದರು. "ಬೇರೆ ಕಡೆ ಹೋಗ್ರಪ್ಪ."

ಹೊತ್ತು ಮುಳುಗಿತು. ಬಾವಲಿಗಳೆಲ್ಲ ಒಟ್ಟಿಗೇ ಎದ್ದು ಹೋದವು. ಬರಿದಾದ ಮರದ ಪೊಟರೆಯೊಳಗಿಂದ, ಯಾರೋ ಮುದುಕರು ಉಸಿರೆಳೆದಂತೆ, ಉದ್ದನೆಯ ಸದ್ದು ಬಂತು.

ಓಬಕ್ಕ ದನಿ ತಗ್ಗಿಸಿದಳು. "ಎಲ್ಲಿಗೆ ಹೋಗೋದು ಅಂತ ಕೇಳ್ತಿದಾರೆ. ನಿಮ್ಮ ಮನೆ ನಂಬರ್ ಹೇಳ್ಬಿಡ್ರಿ."

"ಬ್ಯಾಡ! ಇಲ್ಲೇ ಇರ್ಲಿ! ಮರ ಯಾರೂ ಮುಟ್ಟಬ್ಯಾಡ್ರಿ!" ಅಧ್ಯಕ್ಷರು ಚಪ್ಪಲಿ ಬಿಟ್ಟು ಓಡಿದರು.

ಓಬಕ್ಕ ಹೊಟ್ಟೆ ಹಿಡಿದು ನಗುತ್ತಿರುವಾಗಲೇ ರುಬೀನಾ ಟೀಚರು ರಟ್ಟಿನ ಪೆಟ್ಟಿಗೆ ಹಿಡಿದು ಬಂದರು.

"ಸ್ಕೂಟಿ ಕೆಟ್ಟು ತಡ ಆಯ್ತು ಅಕ್ಕ. ಗೂಬೇನ ಈಗ ಬಿಡೋಣ್ವಾ?"

ಓಬಕ್ಕನ ನಗು ನಿಂತಿತು. ಪೊಟರೆಯತ್ತ ನೋಡಿ, ಮೆಲ್ಲಗೆ ಕೈ ಮುಗಿದಳು.

"ತಡೀರಿ ಟೀಚರ್. ಒಳಗಿರೋರನ್ನ ಒಂದು ಮಾತು ಕೇಳೋಣ."