ಗೋಡೆಗೆ ಒರಗಿದ ಕೆಂಪಿ

ಟಿವಿಯೊಳಗಿನ ರೇಸ್ ಆಟದಲ್ಲಿ ಕೆಂಪಿ ಅಂತ ಒಬ್ಬ ಕಾರಮ್ಮ ಇದ್ದಳು. ಅವಳ ಸುದ್ದಿ ನಾನು ಆಡಬಾರದು, ಆದರೂ ಕೇಳಿ. ತಿರುವು ಬಂದರೆ ಮಾನವಂತ ಕಾರುಗಳೆಲ್ಲ ಬ್ರೇಕು ಹಾಕುತ್ತಿದ್ದವು. ಇವಳೋ, ಅದೇ ಜೋರಿನಲ್ಲಿ ಹೋಗಿ ಗೋಡೆರಾಯನ ಮೈಗೆ ಮೈ ಉಜ್ಜಿಕೊಂಡೇ ತಿರುಗುತ್ತಿದ್ದಳು! ಆಟ ಕಟ್ಟಿದವರ ಎಡವಟ್ಟಿನಿಂದ ಅವಳ ವೇಗವೂ ಇಳಿಯುತ್ತಿರಲಿಲ್ಲ, ಬಣ್ಣಕ್ಕೆ ಗೀರೂ ಬೀಳುತ್ತಿರಲಿಲ್ಲ. ಗೆಲುವೆಲ್ಲ ಅವಳದೇ.

"ನಾಚಿಕೆ ಇಲ್ಲವೇನೇ?" ಎಂದಳು ಹಿಂದೆ ಉಳಿದ ನೀಲಿ ಕಾರಮ್ಮ.

"ಹೊಟ್ಟೆಯುರಿ ಬಿಡೇ. ತಿರುಗುವುದು ಹೇಗೆಂದು ನನ್ನನ್ನು ನೋಡಿ ಕಲಿ."

ದೊಡ್ಡ ಪಂದ್ಯದ ಹಿಂದಿನ ದಿನ ಆಟ ಕಟ್ಟಿದವರು ಸದ್ದಿಲ್ಲದೆ ತಪ್ಪು ತಿದ್ದಿದರು. ಸೋತವರು ಆಟದಿಂದಲೇ ಹೊರಗೆ ಎಂದೂ ಸಾರಿದರು. ಕೆಂಪಿ ಬಿಂಕದಿಂದ ಬಂದು ಮೊದಲ ತಿರುವಿನಲ್ಲಿ ಒರಗಿದಳು.

"ದೂರ ಇರಮ್ಮ, ನಿನ್ನೆ ನನ್ನನ್ನು ಗಟ್ಟಿ ಮಾಡಿದ್ದಾರೆ!" ಎಂದ ಗೋಡೆರಾಯ. ಅಷ್ಟರಲ್ಲಿ ಅವಳ ಬಾಗಿಲು ಕಿತ್ತು ಬಂದಿತ್ತು. ಮುಂದಿನ ತಿರುವು ಎದುರಿಗೇ ಬಂತು.

"ಬ್ರೇಕಣ್ಣಾ, ಹಿಡಿಯಪ್ಪಾ!" ಎಂದು ಕೆಂಪಿ ಕಿರುಚಿದಳು.

ಬ್ರೇಕು ಕಣ್ಣುಜ್ಜಿಕೊಂಡು ಎದ್ದು, "ನನಗೆ ಅಭ್ಯಾಸವೇ ಇಲ್ಲವಲ್ಲಮ್ಮ! ಒಂದು ದಿನವಾದರೂ ನನ್ನನ್ನು ಕರೆದಿದ್ದೀಯಾ?" ಎಂದಿತು.

ಗೋಡೆಯ ಬುಡದಲ್ಲಿ ಮಗುಚಿ ಬಿದ್ದವಳ ಪಕ್ಕದಲ್ಲೇ ನೀಲಿ ಮೆಲ್ಲಗೆ ಬ್ರೇಕು ಹಾಕಿ ತಿರುಗಿದಳು.

"ನನ್ನನ್ನು ನೋಡಿ ಕಲಿ ಅಂದಿದ್ದೆಯಲ್ಲೇ ಕೆಂಪಿ," ಎಂದಳು, "ಈಗ ಕಲಿತೆ ಕಣೇ."