ತಿಪ್ಪೇಶಿ ಪಂಕ್ತಿ ಬದಲಿಸಿದ್ದು

ನಗೋರು ಹತ್ತಿರ ಬನ್ನಿ. ಬಾಯಲ್ಲಿ ಎಲೆಅಡಿಕೆ ಇರೋರು ಮೊದಲು ಉಗಿದು ಬನ್ನಿ, ಆಮೇಲೆ ಪಕ್ಕದವರ ಅಂಗಿ ಕೆಂಪಾಯ್ತು ಅಂತ ನನ್ನ ಬೈಯಬೇಡಿ.

ಕೆಂಚಮ್ಮನಿಗೆ ಒಬ್ಬನೇ ಮಗ, ತಿಪ್ಪೇಶಿ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನ ಮಾಡ್ತಿದ್ದ, ಹೇಳಿದ್ದನ್ನೇ ಮಾಡ್ತಿದ್ದ, ಹೇಳಿದ್ದನ್ನಷ್ಟೇ ಮಾಡ್ತಿದ್ದ.

ಒಂದು ವಿದ್ಯೆಯಾದರೂ ಹತ್ತಲಿ ಅಂತ ಅವಳು ಅವನನ್ನ ರುದ್ರಮುನಿ ಮೇಷ್ಟ್ರ ಕಂಪ್ಯೂಟರ್ ಕ್ಲಾಸಿಗೆ ಹಾಕಿದಳು. ಅವತ್ತಿನ ಪಾಠ, ಪಟ್ಟಿಯೊಳಗೆ ಪಟ್ಟಿ. "ಹೊರಗೊಂದು ಪಟ್ಟಿ, ಒಳಗೆ ಸಾಲು ಸಾಲು ಪಟ್ಟಿ. ಎರಡನೇ ಸಾಲಿನ ನಡುವೆ ಇರೋ ಅಕ್ಷರ ತೆಗೆದು ಬೇರೆ ಅಕ್ಷರ ಕೂರಿಸು ನೋಡೋಣ," ಅಂದರು ಮೇಷ್ಟ್ರು. ತಿಪ್ಪೇಶಿ ಕೀಬೋರ್ಡಿನ ಎರಡನೇ ಸಾಲಿಗೆ ಚಮಚ ತೂರಿಸಿ ನಡುವಿನ ಗುಂಡಿಗಳನ್ನ ಕಿತ್ತ. ಪಕ್ಕದ ಕೀಬೋರ್ಡಿನ ಗುಂಡಿ ಕಿತ್ತು ತಂದು ಅಲ್ಲಿ ಕೂರಿಸಿದ.

ಮೇಷ್ಟ್ರು ಅವನ ಕೈ ಹಿಡಿದು ಮನೆಗೆ ತಂದುಬಿಟ್ಟರು. "ಕೆಂಚಮ್ಮ, ಹೇಳಿದ್ದನ್ನಷ್ಟೇ ಮಾಡೋ ಪೆಟ್ಟಿಗೆ ನನ್ನ ಹತ್ರ ಬೇಕಾದಷ್ಟಿವೆ. ಇದೊಂದು ನಿನ್ನ ಹತ್ರಾನೇ ಇರಲಿ."

ಕೆಂಚಮ್ಮ ಅದುವರೆಗೆ ದೊಡ್ಡ ಅಡುಗೆಯವರ ಕೈಕೆಳಗೆ ಪಾತ್ರೆ ತಿಕ್ಕಿದವಳು. ಆಗ ತಾನೇ ಅವಳಿಗೆ ಮೊದಲನೇ ಮದುವೆ ಅಡುಗೆ ಸಿಕ್ಕಿತ್ತು. ಮೇಷ್ಟ್ರ ಅಣ್ಣ ಹಾಲಪ್ಪನವರ ಹಿರೀ ಮಗಳ ಮದುವೆ. "ಬೀಗರು ಮೆಚ್ಚಿದ್ರೆ ಕಿರೀ ಮಗಳ ಮದುವೆ ಅಡುಗೇನೂ ನಿಂದೇ. ಇಲ್ಲಾಂದ್ರೆ ಪಾತ್ರೆ ತಿಕ್ಕೋಕೆ ವಾಪಸ್ ಹೋಗು," ಅಂದಿದ್ದರು ಹಾಲಪ್ಪ.

ಮದುವೆ ದಿನ ಬೆಳಿಗ್ಗೆ ತಿಪ್ಪೇಶಿ ಕಲ್ಯಾಣ ಮಂಟಪದ ಗೇಟು ತೆಗೆದ, ಒಲೆ ಹೊತ್ತಿಸಿದ, ನೀರು ಹೊತ್ತ. ಬೀಗದ ಕೈಯನ್ನ ತಾಯಿ ಕೇಳಿದಾಗ ಕೊಟ್ಟ, ವಾಪಸ್ ಕೊಟ್ಟಾಗ ಉಡಿದಾರಕ್ಕೆ ಕಟ್ಟಿಕೊಂಡ. ಅಲ್ಲಿವರೆಗೆ ಅವನಷ್ಟು ಜಾಣ ಆ ಊರಲ್ಲಿ ಇರಲಿಲ್ಲ.

ಮೊದಲ ಪಂಕ್ತಿ ಕೂತಿತು. ಎರಡನೇ ಸಾಲಿನ ಬೀಗರು ಬದನೆಕಾಯಿ ತಿನ್ನೋರಲ್ಲ ಅಂತ ಗೊತ್ತಾಯ್ತು. ಕೆಂಚಮ್ಮ ಹುರುಳಿಕಾಯಿ ಪಲ್ಯದ ಬಕೆಟ್ ಮಗನ ಕೈಗೆ ಕೊಟ್ಟಳು. "ಎರಡನೇ ಸಾಲು. ಎಲೆ ಮೇಲಿನ ಬದನೆಕಾಯಿ ತೆಗೆದು ಆ ಜಾಗಕ್ಕೆ ಇದನ್ನ ಇಡು."

ತಿಪ್ಪೇಶಿ ಹೋದ, ಬದನೆಕಾಯಿ ತೆಗೆದ, ಬಕೆಟ್ ಇಟ್ಟ. ಮೊದಲ ಎಲೆಗೆ ಕೂತಿದ್ದವರು ಮದುಮಗನ ಅಜ್ಜ. ಬಕೆಟ್ಟಿನ ಹಿಂದೆ ಅಜ್ಜ ಪೂರ್ತಿ ಮುಚ್ಚಿಹೋದರು, ರುಮಾಲಿನ ತುದಿ ಮಾತ್ರ ಕಾಣ್ತಿತ್ತು.

"ಅಮ್ಮ, ಇನ್ನೂ ಎಲೆಗಳಿದಾವೆ. ಬಕೆಟ್ ಸಾಲಲ್ಲ," ಅಂತ ಓಡಿ ಬಂದ.

"ಅಯ್ಯೋ ನನ್ನ ಹಣೆಬರಹವೇ. ಪಾತ್ರೆ ಇಡ್ತಾರೇನೋ? ಏನೇ ಕೊಟ್ರೂ ಒಳಗಿರೋದನ್ನ ಎಲೆಗೆ ಬಡಿಸಬೇಕು."

"ಹೂಂ, ಒಳಗಿರೋದನ್ನ," ಅಂದ ತಿಪ್ಪೇಶಿ.

ಅಷ್ಟರಲ್ಲಿ ಮೂರನೇ ಸಾಲಿನವರು ಲೋಟ ಕೊಳಕಾಗಿದೆ ಅಂದರು. "ಲೋಟ ತೆಗೆದು ನೀರಿನ ಬಾಟ್ಲಿ ಇಟ್ಟು ಬಾ," ಅಂದಳು ತಾಯಿ. ತಿಪ್ಪೇಶಿ ಲೋಟ ತೆಗೆದ, ಬಾಟ್ಲಿ ಮುಚ್ಚಳ ತಿರುವಿದ, ಒಳಗಿರೋದನ್ನ ಎಲೆಗೆ ಬಡಿಸಿದ. ಅನ್ನ ಗದ್ದೆಯಾಯ್ತು. ಹಪ್ಪಳ ದೋಣಿಯಾಯ್ತು. ಒಬ್ಬರ ಕೋಸಂಬರಿ ಪಕ್ಕದ ಎಲೆಗೆ ಈಜಿಕೊಂಡು ಹೋಯ್ತು.

ಕೆಂಚಮ್ಮ ಸೌಟು ಎತ್ತುವಷ್ಟರಲ್ಲಿ ಮೇಷ್ಟ್ರು ಅಡ್ಡ ಬಂದರು. "ಬಿಡಮ್ಮ. ಇವನಿಗೆ ಕಂಪ್ಯೂಟರಿಗೆ ಹೇಳಿದಂಗೆ ಬಿಡಿಸಿ ಹೇಳಬೇಕು. ಅದು ನಿನಗೆ ಬರಲ್ಲ, ನಾನು ಹೇಳ್ತೀನಿ."

ಮದುಮಕ್ಕಳ ಪಂಕ್ತಿಗೆ ಎಲೆ ಹಾಕಿತ್ತು. ಊರ ಹುಡುಗರು ನುಗ್ಗಿ ಬೀಗರ ಎಲೆಗಳಿಗೆ ಕೂತುಬಿಟ್ಟಿದ್ದರು. ಮೇಷ್ಟ್ರು ಬೆರಳು ಮಡಿಸಿ ಹೇಳಿದರು. "ನೋಡೋ ತಿಪ್ಪೇಶಿ, ಊಟದ ಹಾಲ್ ಒಳಗೆ ಸಾಲು, ಸಾಲಿನೊಳಗೆ ಎಲೆ. ಮೊದಲು ನಡುವಿನ ಸಾಲು ಹಿಡಿ. ಆಮೇಲೆ ಕಂಬದಿಂದ ಕಿಟಕಿವರೆಗೆ ಕೂತೋರನ್ನೆಲ್ಲ ಎಬ್ಬಿಸು. ಅಲ್ಲಿ ನಿಂತಿರೋ ಬೀಗರನ್ನ ಕೂರಿಸು. ಎಷ್ಟು ಜನ ಎದ್ರೋ ಅಷ್ಟೇ ಜನ ಕೂರಬೇಕು. ಒಂದೆಲೆಯೂ ಖಾಲಿ ಇರಬಾರದು."

ತಿಪ್ಪೇಶಿ ಪಾಠ ಒಪ್ಪಿಸುತ್ತ ಹೋದ. ಅವನು ಹೋಗಿ ಮುಟ್ಟುವ ಹೊತ್ತಿಗೆ ಮದುಮಕ್ಕಳು ಬಂದು ಅದೇ ಸಾಲಿನ ನಡುವೆ, ರಂಗೋಲಿ ಹಾಕಿದ ಎಲೆಗಳಿಗೆ ಕೂತಿದ್ದರು. ಕಂಬದಿಂದ ಶುರು ಮಾಡಿದ. "ಏಳು. ಏಳು. ಏಳಮ್ಮ. ಏಳಪ್ಪ." ಹುಡುಗರು ಎದ್ದರು. ಬಾಸಿಂಗ ಕಟ್ಟಿದ ಮದುಮಗ ಎದ್ದ, ಸೆರಗಿನ ಗಂಟು ಎಳೆದು ಮದುಮಗಳೂ ಎದ್ದಳು. ಬೀಗರನ್ನ ಎರಡು ಕಡೆಯಿಂದ ಕೂರಿಸುತ್ತ ಬಂದ. ನಡುವೆ ಎರಡೆಲೆ ಉಳಿದವು, ಕೂರಿಸೋಕೆ ಜನ ಇಲ್ಲ. ಖಾಲಿ ಬಿಡೋ ಹಾಗಿಲ್ಲವಲ್ಲ. ಮೇಷ್ಟ್ರನ್ನ ಎಳೆದು ತಂದು ಒಂದಕ್ಕೆ ಕೂರಿಸಿದ. ಸೌಟಿನ ಸಮೇತ ತಾಯಿಯನ್ನ ಎಳೆದು ತಂದು ಇನ್ನೊಂದಕ್ಕೆ ಕೂರಿಸಿದ.

ವಿಡಿಯೋದವನು ಕ್ಯಾಮೆರಾದಿಂದ ತಲೆ ಎತ್ತಲೇ ಇಲ್ಲ. "ಹಾಂ, ನಾಚ್ಕೋಬೇಡಿ. ಒಬ್ಬರಿಗೊಬ್ಬರು ಲಾಡು ತಿನ್ನಿಸಿ."

ಮೇಷ್ಟ್ರ ಹೆಂಡತಿ ಕಂಬದ ಪಕ್ಕದಲ್ಲೇ ನಿಂತಿದ್ದರು.

ಹಾಲಪ್ಪನವರ ಮುಖ ಕಪ್ಪಿಟ್ಟಿತು. ಎಲೆ ಮುಂದೆ ಕೂತವರನ್ನ ಎಬ್ಬಿಸಿದರೆ ಅವಮಾನ, ಮದುಮಕ್ಕಳನ್ನ ಎಬ್ಬಿಸಿದರಂತೂ ಕೇಳೋದೇ ಬೇಡ. ಬೀಗರು ದಡಬಡ ಎದ್ದರು. ಬಕೆಟ್ಟಿನ ಪಲ್ಯ ಚಪ್ಪರಿಸಿದ್ದ ಅಜ್ಜ ಅವರನ್ನ ತಡೆದರು. "ಎಬ್ಬಿಸಿದ ಎಲೇಲಿ ನಮ್ಮ ಹುಡುಗ ಉಣ್ಣಲ್ಲ. ನಾಳೆ ಇಲ್ಲೇ ಎಲ್ಲರಿಗೂ ಹೊಸದಾಗಿ ಎಲೆ ಹಾಕಿ, ಬರ್ತೀವಿ. ಆ ಪಲ್ಯ ಮಾತ್ರ ಇದೇ ಕೈಯದಾಗಿರಲಿ."

ಕೆಂಚಮ್ಮನಿಗೆ ಹೋದ ಜೀವ ಬಂತು. ಆ ರಾತ್ರಿ ತಾಯಿ ಮಗ ಮಂಟಪದಲ್ಲೇ ಮಲಗಿದರು. "ನೋಡು ನನ್ನಪ್ಪ," ಅಂದಳು, "ಇವತ್ತು ಮಾಡಿದ್ದು ಒಂದನ್ನೂ ನಾಳೆ ಮಾಡಬೇಡ. ಒಂದನ್ನೂ."

ಬೆಳಿಗ್ಗೆ ತಿಪ್ಪೇಶಿ ಒಲೆ ಹೊತ್ತಿಸಲಿಲ್ಲ, ನೀರು ಹೊರಲಿಲ್ಲ. ಸುಸ್ತಾಗಿರಬೇಕು ಅಂದುಕೊಂಡು ಅವಳೇ ಎಲ್ಲ ಮಾಡಿದಳು. ಹೊತ್ತೇರಿತು. ಬೀಗರ ಬಸ್ಸು ಬಂತು, ಹಾರನ್ ಹೊಡೆಯಿತು. ಗೇಟಿಗೆ ಬೀಗ, ಹಾಲಪ್ಪನವರೂ ಹೊರಗೇ. ಒಳಗೆ ತಿಪ್ಪೇಶಿ ಕೈಕಟ್ಟಿ ನಿಂತಿದ್ದ.

"ಗೇಟು ತೆಗೆಯೋ," ಅಂದಳು ಕೆಂಚಮ್ಮ.

"ನಿನ್ನೆ ತೆಗೆದಿದ್ದೆ."

"ಬೀಗದ ಕೈನಾದ್ರೂ ಕೊಡೋ."

"ನಿನ್ನೆ ಕೊಟ್ಟಿದ್ದೆ."

"ಲೋ, ನಾನು ಹೇಳಿದ್ದು ಹಾಗಲ್ಲ, ನನ್ನ ಮಾತು ಕೇಳೋ."

"ನಿನ್ನೆ ಕೇಳಿದ್ದೆನಲ್ಲಮ್ಮ," ಅಂದವನೇ ತಿಪ್ಪೇಶಿ, ಉಡಿದಾರ ಬಿಗಿಹಿಡಿದು ಓಡಿದ.

ಕೊನೆಗೆ ಬಸ್ಸಿನ ನೆರಳಲ್ಲಿ, ರಸ್ತೆ ಮೇಲೇ ಎಲೆ ಹಾಕಿದರು. ಕೆಂಚಮ್ಮ ಗೇಟಿನ ಪಕ್ಕದ ಗೋಡೆ ಹತ್ತಿ ನಿಂತು ಹುರುಳಿಕಾಯಿ ಪಲ್ಯದ ಬಕೆಟ್ಟಿಗೆ ಹಗ್ಗ ಕಟ್ಟಿ ಇಳಿಬಿಟ್ಟಳು. ಅದು ತೂಗಾಡುತ್ತ ಬಂದು ನೆಟ್ಟಗೆ ಮೊದಲ ಎಲೆ ಮೇಲೆ ಕೂತಿತು.

"ಹಾಲಪ್ಪನೋರೇ, ಕಿರೀ ಮಗಳ ಮದುವೆಗೂ ಈಯಮ್ಮನಿಗೇ ಹೇಳಿಬಿಡಿ," ಅಂತ ಬಕೆಟ್ಟಿನ ಹಿಂದಿನಿಂದ ಒಂದು ದನಿ ಬಂತು.