ಶುಕ್ರವಾರ ಬಿದ್ದ ಹತ್ತನೇ ತಾರೀಖು

ಲಕ್ಷ್ಮೇಶ್ವರದಲ್ಲಿ ಫಕ್ಕೀರವ್ವ ಎಂಬಾಕೆ ಶಾವಿಗೆ ಯಂತ್ರ ಇಟ್ಟುಕೊಂಡಿದ್ದಳು. ಹೆಂಗಸರು ರವೆ ತಂದುಕೊಟ್ಟು ಶಾವಿಗೆ ಮಾಡಿಸಿಕೊಂಡು ಹೋಗುತ್ತಿದ್ದರು. ಯಂತ್ರವನ್ನು ಒಂದು ಕಂಪನಿಯಿಂದ ಸಾಲದಲ್ಲಿ ತಂದಿದ್ದಳು. ಪ್ರತಿ ತಿಂಗಳು ಹತ್ತನೇ ತಾರೀಖು ಅವಳ ಬ್ಯಾಂಕ್ ಖಾತೆಯಿಂದ ಎರಡು ಸಾವಿರದ ನಾನೂರು ರೂಪಾಯಿ ಕಂತು ತಾನಾಗಿಯೇ ಕಟ್ಟಾಗುತ್ತಿತ್ತು. ಅಷ್ಟು ದುಡ್ಡನ್ನು ಅವಳು ಮೊದಲೇ ಹೋಗಿ ಖಾತೆಗೆ ಹಾಕಿಡಬೇಕಿತ್ತು. ಆ ಯಂತ್ರ ಹೋದರೆ ಮನೆಯಲ್ಲಿ ಒಲೆ ಉರಿಯುವಂತಿರಲಿಲ್ಲ.

ಫಕ್ಕೀರವ್ವನದು ಒಂದು ಕಟ್ಟುನಿಟ್ಟು. ಶುಕ್ರವಾರ ಲಕ್ಷ್ಮಿಯ ವಾರ, ಅಂದು ಅವಳ ಪೆಟ್ಟಿಗೆಯಿಂದ ನಯಾಪೈಸೆ ಹೊರಗೆ ಬರುವುದಿಲ್ಲ. ಚಿಲ್ಲರೆ ಕೇಳಿದರೂ ನಾಳೆ ಬಾ ಅನ್ನುತ್ತಿದ್ದಳು. ಊರಿಗೆಲ್ಲ ಇದು ಗೊತ್ತಿತ್ತು.

ಒಂದು ತಿಂಗಳು ಹತ್ತನೇ ತಾರೀಖು ಶುಕ್ರವಾರವೇ ಬಿತ್ತು. ಪೆಟ್ಟಿಗೆಯಲ್ಲಿ ದುಡ್ಡಿತ್ತು, ಆದರೆ ಗುರುವಾರ ಕೆಲಸದ ಗಡಿಬಿಡಿ. ಶುಕ್ರವಾರವಂತೂ ಕೊಡುವ ಮಾತೇ ಇಲ್ಲ. ಶನಿವಾರ ಹೋದರೆ ಎರಡನೇ ಶನಿವಾರ, ಬ್ಯಾಂಕಿಗೆ ಬೀಗ. ಮರುದಿನ ಭಾನುವಾರ. ಸೋಮವಾರ ಹೋಗಿ ಎರಡು ಸಾವಿರದ ನಾನೂರನ್ನು ಎಣಿಸಿ ಖಾತೆಗೆ ಕಟ್ಟಿ, ಹಗುರಾಗಿ ಮನೆಗೆ ಬಂದಳು.

ಪಾಪ, ಅವಳಿಗೇನು ಗೊತ್ತು! ಕಂತು ತಪ್ಪಿದ್ದಕ್ಕೆ ಬ್ಯಾಂಕು ಸುಮಾರು ಮುನ್ನೂರು ರೂಪಾಯಿ ದಂಡ ಹಾಕಿ ಕಾಯುತ್ತಿತ್ತು. ದುಡ್ಡು ಬಿದ್ದ ಕೂಡಲೇ ಅದನ್ನು ಎಳೆದುಕೊಂಡಿತು. ಮರುದಿನ ಕಂಪನಿ ಮತ್ತೆ ಕಂತು ಕೇಳಿದಾಗ ಅಷ್ಟೇ ದುಡ್ಡು ಕಡಿಮೆ ಬಿತ್ತು. ಕಂತೂ ಹೋಗಲಿಲ್ಲ, ಮೇಲೆ ಇನ್ನೊಂದು ದಂಡ.

ಮೊಬೈಲಿಗೆ ಬಂದ ದಂಡದ ಸಂದೇಶ ಓದಿ ಫಕ್ಕೀರವ್ವನಿಗೆ ಮೈ ಉರಿದುಹೋಯಿತು. ಹೋಗಿ ಕೇಳಬೇಕೋ ಬೇಡವೋ? ಕೇಳಲಿಲ್ಲ. ನಾಲ್ಕು ಜನರ ಮುಂದೆ ದಂಡದ ಮಾತಾಡಲು ನಾಚಿಕೆ. ಇನ್ನು ಆ ಬ್ಯಾಂಕಿನ ಮೆಟ್ಟಿಲು ಹತ್ತುವುದಿಲ್ಲ ಎಂದು ಹಟ ಹಿಡಿದು ಮುಂದಿನ ಕಂತನ್ನೂ ಕಟ್ಟಲಿಲ್ಲ. ಮೂರನೇ ದಂಡ ಬಿತ್ತು. ಎಂಟು ದಿನದಲ್ಲಿ ಬಾಕಿ ಕಟ್ಟದಿದ್ದರೆ ಯಂತ್ರ ಒಯ್ಯುತ್ತೇವೆ ಎಂದು ಕಂಪನಿಯಿಂದ ಕಾಗದವೂ ಬಂತು.

ಆಗ ಹಟ ಇಳಿಯಿತು. ಕಾಗದ ಹಿಡಿದು ಬ್ಯಾಂಕಿಗೆ ಓಡಿದಳು. ಅಲ್ಲಿನ ಅಧಿಕಾರಿ ಶೈಲಜಾ ಮೇಡಂ ಎಲ್ಲವನ್ನೂ ಕೇಳಿದರು. ಶುಕ್ರವಾರದ ಮಾತಿಗೆ ನಗಲಿಲ್ಲ.

"ನಮ್ಮವ್ವನೂ ಶುಕ್ರವಾರ ರೊಕ್ಕ ಕೊಡೂದಿಲ್ಲ ಫಕ್ಕೀರವ್ವಾರ. ಆದ್ರ ಕಂತು ಕಟ್ ಮಾಡೋ ಕಂಪ್ಯೂಟರಿಗೆ ವಾರ ಗೊತ್ತಿಲ್ರಿ, ತಾರೀಖಷ್ಟ ಗೊತ್ತು."

ಎರಡನೇ ದಂಡಕ್ಕೆ ಅವರೇ ಅರ್ಜಿ ಬರೆಸಿಕೊಂಡರು. ಆ ಸಲ ಅವಳು ಕಂತಿನ ದುಡ್ಡು ತಂದು ಕಟ್ಟಿದ್ದಳಲ್ಲ, ಹಾಗಾಗಿ ಆ ದಂಡ ವಾಪಸ್ ಬಂತು. ಮೊದಲನೆಯದು ಗಡುವು ತಪ್ಪಿಸಿದ್ದಕ್ಕೆ ಬಿದ್ದದ್ದು, ಅದು ಬರಲಿಲ್ಲ.

"ಮತ್ತ ಮೂರನೇದು?" ಎಂದಳು ಫಕ್ಕೀರವ್ವ.

"ಅದು ನಿಮ್ಮ ಹಟದ್ದು. ಅವತ್ತ ಬಂದು ಕೇಳಿದ್ರ ಬೀಳ್ತಿರಲಿಲ್ಲ."

ಫಕ್ಕೀರವ್ವ ಮನೆಗೆ ಹೋದಳು. ಪೆಟ್ಟಿಗೆಯ ದುಡ್ಡು ತಂದು ಬಾಕಿಯನ್ನೆಲ್ಲ ಕಟ್ಟಿದಳು. ಯಂತ್ರ ಉಳಿಯಿತು.

ಕೆಲವು ತಿಂಗಳ ಮೇಲೆ ಹತ್ತನೇ ತಾರೀಖು ಮತ್ತೆ ಶುಕ್ರವಾರ ಬಿತ್ತು. ಫಕ್ಕೀರವ್ವ ಬುಧವಾರವೇ ಕಂತಿನ ಮೇಲೆ ಐನೂರು ಸೇರಿಸಿ ಖಾತೆಗೆ ಹಾಕಿ ಬಂದಿದ್ದಳು. ಶುಕ್ರವಾರ ಬೆಳಿಗ್ಗೆ ಕಂತು ಹೋಯಿತೆಂದು ಮೊಬೈಲಿಗೆ ಸಂದೇಶ ಬಂತು. ಓದಿ, ಸೆರಗಿಗೆ ಕೈ ಒರೆಸಿಕೊಂಡು ಶಾವಿಗೆ ಒತ್ತತೊಡಗಿದಳು. ಅಷ್ಟರಲ್ಲಿ ಒಬ್ಬಾಕೆ ಐದು ರೂಪಾಯಿ ಚಿಲ್ಲರೆ ಕೇಳಿದಳು.

"ಇವತ್ತು ಶುಕ್ರವಾರ ಐತಿ, ನಾಳೆ ಬಾ" ಎಂದಳು ಫಕ್ಕೀರವ್ವ.

ನೀತಿ: ನಿಮ್ಮ ಪದ್ಧತಿ ನಿಮಗಿರಲಿ, ಆದರೆ ಕೊಡುವುದನ್ನು ಗಡುವಿಗೆ ಮೊದಲೇ ತೆಗೆದಿಡಿ. ತಪ್ಪಿದರೆ ನಾಚದೆ ಅಂದೇ ಹೋಗಿ ಕೇಳಿ. ತಡಮಾಡಿದ್ದಕ್ಕೆ ದಂಡ ಒಂದೇ ಸಲ, ಹಟದ ದಂಡ ಬೆಳೆಯುತ್ತಲೇ ಹೋಗುತ್ತದೆ.